ಕೊಟ್ಟ ಮಾತು ಕಾಯ್ದ ಮನೆಗಳು

ಯುರೋಪಿನ ಮುಸ್ಲಿಮರ ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಸ್ಪೇನಿನತ್ತ ಓಡುತ್ತದೆ. ಕೊರ್ಡೊಬಾದ ಮಸೀದಿ, ಗ್ರನಾಡದ ಅರಮನೆ ನೆನಪಾಗುತ್ತವೆ. ಕಳೆದುಹೋದ ವೈಭವಕ್ಕಾಗಿ ನಿಟ್ಟುಸಿರು ಬಿಡುತ್ತೇವೆ. ಆದರೆ ಇಟಲಿಯ ಎದುರು ದಡದಲ್ಲಿ, ಗ್ರೀಸ್‌ನ ಪಕ್ಕದಲ್ಲಿ, ಮುಸ್ಲಿಮರೇ ಅತಿ ದೊಡ್ಡ ಸಮುದಾಯವಾಗಿರುವ ಅಲ್ಬೇನಿಯ ಎಂಬ ಪುಟ್ಟ ದೇಶವಿದೆ. ಅದರ ಚರಿತ್ರೆಯಲ್ಲಿ ನಮಗೆ ಹೆಚ್ಚು ಪಾಠ ಹೇಳುವುದು ಸಾಮಾನ್ಯರ ಮನೆಗಳು.

15ನೇ ಶತಮಾನದಿಂದ 1912ರವರೆಗೆ ಅಲ್ಬೇನಿಯ ಉಸ್ಮಾನಿ ಆಡಳಿತದಲ್ಲಿತ್ತು. ಆ ಕಾಲದಲ್ಲಿ ಅಲ್ಲಿನ ಬಹಳಷ್ಟು ಜನ ಇಸ್ಲಾಮ್ ಸ್ವೀಕರಿಸಿದರು. ಉತ್ತರದಲ್ಲಿ ಕ್ಯಾಥೊಲಿಕರು, ದಕ್ಷಿಣದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ಉಳಿದರು. ಮುಸ್ಲಿಮರಲ್ಲಿ ಸುನ್ನಿಗಳೂ ಇದ್ದರು, ಬೆಕ್ತಾಶಿ ತರೀಕತ್‌ನವರೂ ಇದ್ದರು. ಇವರೆಲ್ಲರೂ ಗೌರವಿಸುವ ಒಂದು ಪದ ‘ಬೆಸಾ’. ಕೊಟ್ಟ ಮಾತು, ನಂಬಿಕೆ, ಆಶ್ರಯದ ಭರವಸೆ ಎಲ್ಲವೂ ಆ ಒಂದೇ ಪದದಲ್ಲಿವೆ. ನಮ್ಮ ‘ಅಮಾನತ್’ ಅದಕ್ಕೆ ಹತ್ತಿರದ್ದು. ಬೆಟ್ಟದ ಜನರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಕಟ್ಟುಪಾಡುಗಳನ್ನು ಅಲ್ಲಿಯೂ ‘ಕಾನೂನ್’ ಎಂದೇ ಕರೆಯುತ್ತಾರೆ. ಅವನ್ನು ಸಂಗ್ರಹಿಸಿದವರು ಶ್ಟ್ಯೆಫನ್ ಗ್ಯೆಚೊವಿ ಎಂಬ ಕ್ರೈಸ್ತ ಪಾದ್ರಿ. 1933ರಲ್ಲಿ ಅದು ಪುಸ್ತಕವಾಗಿ ಬಂತು. ಬಾಗಿಲು ತಟ್ಟಿ ಒಳಬಂದ ಅತಿಥಿ ಯಾರೇ ಆಗಿರಲಿ, ಅವನ ಪ್ರಾಣದ ಹೊಣೆ ಮನೆಯ ಯಜಮಾನನದು ಎಂಬುದು ಅದರ ಮುಖ್ಯ ನಿಯಮಗಳಲ್ಲೊಂದು. ಕೊಲೆಗೆ ಕೊಲೆ ಎಂಬ ಕುಲದ್ವೇಷಕ್ಕೂ ಅದೇ ಕಾನೂನಿನಲ್ಲಿ ಜಾಗವಿತ್ತು. ಅದನ್ನು ಮರೆಮಾಚಬೇಕಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಆಶ್ರಯದ ನಿಯಮಕ್ಕೆ ಮುಂದೆ ದೊಡ್ಡ ಪರೀಕ್ಷೆಯೊಂದು ಎದುರಾಯಿತು.

1939ರಲ್ಲಿ ಇಟಲಿ ಅಲ್ಬೇನಿಯವನ್ನು ವಶಪಡಿಸಿಕೊಂಡಿತು. 1943ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಬಂತು. ಯಹೂದಿಗಳನ್ನು ಅಡಗಿಸಿಟ್ಟವರಿಗೆ ಸಾವು ಖಚಿತ ಎಂಬ ಕಾಲವದು. ರಾಜಧಾನಿ ಟಿರಾನಾದ ಫೋಟೋ ಸ್ಟುಡಿಯೊ ಒಂದರಲ್ಲಿ ರೆಫಿಕ್ ವೆಸೆಲಿ ಎಂಬ ಹದಿಹರೆಯದ ಮುಸ್ಲಿಮ್ ಹುಡುಗ ಕೆಲಸ ಕಲಿಯುತ್ತಿದ್ದ. ಯುಗೊಸ್ಲಾವಿಯದಿಂದ ತಪ್ಪಿಸಿಕೊಂಡು ಬಂದಿದ್ದ ಮೋಶೆ ಮಾಂದಿಲ್ ಎಂಬ ಯಹೂದಿ ಅಲ್ಲಿಯೇ ಕೆಲಸಕ್ಕಿದ್ದರು. ರೆಫಿಕ್ ತಂದೆತಾಯಿಯ ಒಪ್ಪಿಗೆ ಪಡೆದು, ಮಾಂದಿಲ್ ದಂಪತಿಯನ್ನೂ ಅವರ ಇಬ್ಬರು ಮಕ್ಕಳನ್ನೂ ಬೆಟ್ಟದೂರು ಕ್ರೂಯಾದಲ್ಲಿದ್ದ ತನ್ನ ಮನೆಗೆ ರಾತ್ರಿಯ ಹೊತ್ತು ಹೇಸರಗತ್ತೆಗಳ ಮೇಲೆ ಕರೆದೊಯ್ದ. ದೊಡ್ಡವರು ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ ಅಡಗಿದರು. ಮಕ್ಕಳು ಊರ ಮಕ್ಕಳೊಂದಿಗೆ ಬೆರೆತು ಆಡಿದರು. 1944ರ ನವೆಂಬರಿನಲ್ಲಿ ಜರ್ಮನರು ಹೊರಟುಹೋಗುವವರೆಗೆ ಅವರು ಅಲ್ಲಿಯೇ ಬದುಕಿದರು.

ವೆಸೆಲಿ ಮನೆತನದಂತೆ ಇನ್ನೂ ಎಷ್ಟೋ ಮನೆಗಳು ಬಾಗಿಲು ತೆರೆದವು. ಯುದ್ಧಕ್ಕೆ ಮೊದಲು ಅಲ್ಬೇನಿಯದಲ್ಲಿ ಸುಮಾರು 200 ಯಹೂದಿಗಳಿದ್ದರು. ಯುದ್ಧ ಮುಗಿದಾಗ ಅವರ ಸಂಖ್ಯೆ ಅದರ ಹಲವು ಪಟ್ಟಾಗಿತ್ತು. ಎಲ್ಲೆಡೆಯೂ ಹೀಗೆಯೇ ನಡೆಯಿತೆಂದಲ್ಲ. ಆಗ ಅಲ್ಬೇನಿಯಕ್ಕೆ ಸೇರಿಸಲಾಗಿದ್ದ ಕೊಸೊವೊದಲ್ಲಿ ಅಲ್ಬೇನಿಯನ್ ಸೈನಿಕರೇ ಯಹೂದಿಗಳನ್ನು ಹಿಡಿದುಕೊಟ್ಟದ್ದೂ ಉಂಟು. ಬೆಸಾ ಎಂಬ ಪದ ತಾನಾಗಿ ಯಾರನ್ನೂ ಕಾಪಾಡಲಿಲ್ಲ. ಅದನ್ನು ಪಾಲಿಸಿದ ಮನೆಗಳು ಕಾಪಾಡಿದವು.

ಎರಡನೆಯ ಪರೀಕ್ಷೆ ತಮ್ಮವರಿಂದಲೇ ಬಂತು. ಯುದ್ಧದ ನಂತರ ಅಧಿಕಾರಕ್ಕೇರಿದ ಎನ್ವರ್ ಹೋಜಾ 1967ರಲ್ಲಿ ಮಸೀದಿ, ಚರ್ಚು, ತೆಕ್ಕೆಗಳನ್ನೆಲ್ಲ ಮುಚ್ಚಿಸಿದ. ಹಲವನ್ನು ಕೆಡವಲಾಯಿತು, ಹಲವು ಗೋದಾಮುಗಳಾದವು. 1975ರಲ್ಲಿ ಧಾರ್ಮಿಕ ಹೆಸರುಗಳನ್ನು ಬದಲಿಸಬೇಕೆಂಬ ಆಜ್ಞೆ ಹೊರಟಿತು. ದೇಶಕ್ಕೆ ಯಾವ ಧರ್ಮವೂ ಇಲ್ಲವೆಂದು 1976ರ ಸಂವಿಧಾನ ಸಾರಿತು. ರಮಝಾನಿನಲ್ಲಿ ಶಾಲೆ, ಕಾರ್ಖಾನೆಗಳಲ್ಲಿ ತಿನ್ನಲು ಕೊಟ್ಟು, ತಿನ್ನದವರನ್ನು ಗುರುತಿಸುತ್ತಿದ್ದರು. ಈ ಕಷ್ಟ ಮುಸ್ಲಿಮರಿಗೆ ಮಾತ್ರವಲ್ಲ. ಭಾರತದಲ್ಲಿ ಸೇವೆಗೆ ನಿಂತ ಅಲ್ಬೇನಿಯನ್ ಮೂಲದ ಮದರ್ ತೆರೇಸಾರ ತಾಯಿ ಟಿರಾನಾದಲ್ಲಿದ್ದರು. ತಾಯಿ 1972ರಲ್ಲಿ ತೀರಿಕೊಂಡರು. ಮಗಳಿಗೆ ಆ ದೇಶದ ಬಾಗಿಲು ತೆರೆದದ್ದು 1989ರಲ್ಲಿ.

ಈ ಕತ್ತಲಿನಲ್ಲಿ ದೀನ್ ಉಳಿದದ್ದು ಎಲ್ಲಿ? ಮುಚ್ಚಿದ ಬಾಗಿಲುಗಳ ಹಿಂದೆ, ಅಜ್ಜಿಯರು ಪಿಸುಗುಟ್ಟಿ ಹೇಳಿಕೊಟ್ಟ ದುಆಗಳಲ್ಲಿ, ಯಾರಿಗೂ ತಿಳಿಯದಂತೆ ಹಿಡಿದ ಉಪವಾಸಗಳಲ್ಲಿ.

1990ರ ನವೆಂಬರ್ 4ರಂದು ಶ್ಕೋದ್ರ ಪಟ್ಟಣದ ಸ್ಮಶಾನದಲ್ಲಿ ಕ್ಯಾಥೊಲಿಕರು ಬಹಿರಂಗವಾಗಿ ಪ್ರಾರ್ಥಿಸಿದರು. ಅಲ್ಲಿ ಮುಸ್ಲಿಮರೂ ಸೇರಿದ್ದರು. ನವೆಂಬರ್ 16ರ ಶುಕ್ರವಾರ ಅದೇ ಪಟ್ಟಣದ ‘ಸೀಸದ ಮಸೀದಿ’ಯಲ್ಲಿ ಮತ್ತೆ ನಮಾಝ್ ನಡೆಯಿತು. ಇಮಾಮರಾಗಿ ನಿಂತವರು ಸುಮಾರು 20 ವರ್ಷ ಸೆರೆಮನೆಯಲ್ಲಿ ಕಳೆದಿದ್ದ ಹಾಫಿಝ್ ಸಬ್ರಿ ಕೋಚಿ. 1991ರ ಜನವರಿ 18, ಅದೂ ಶುಕ್ರವಾರ. ಗೋಡೆಗಳ ಮೇಲೆ ಮರ, ಜಲಪಾತ, ಸೇತುವೆಗಳ ಚಿತ್ರವಿರುವ ಟಿರಾನಾದ ಎತ್ಹೆಮ್ ಬೇ ಮಸೀದಿಗೆ ಸಾವಿರಾರು ಜನ ನಡೆದು ಬಂದರು. ಆದರೆ ಆ 23 ವರ್ಷಗಳಲ್ಲಿ ಒಂದಿಡೀ ತಲೆಮಾರು ಮದ್ರಸಾದ ಮುಖ ಕಾಣದೆ ಬೆಳೆದಿತ್ತು. ಮನೆಯಲ್ಲಿ ಹೇಳಿಕೊಡುವವರಿದ್ದ ಮಕ್ಕಳಿಗೆ ಅಷ್ಟಾದರೂ ದಕ್ಕಿತು. ಇಲ್ಲದವರು ಮೊದಲಿನಿಂದ ಕಲಿಯಬೇಕಾಯಿತು.

ಅಲ್‌ಹಮ್ದುಲಿಲ್ಲಾಹ್, ನಮ್ಮ ಮಸೀದಿಗಳು ತೆರೆದಿವೆ. ಪ್ರತಿ ಜುಮಾ ಖುತ್ಬಾ ಕೇಳುತ್ತೇವೆ. ಕೇಳಿದ್ದು ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬರುತ್ತಿದೆಯೇ? ಕೂಲಿಯವನಿಗೆ ಹೇಳಿದ ದಿನ ಹಣ ಕೊಡುವುದು, ಪಡೆದ ಸಾಲ ತೀರಿಸುವುದು, ಬೇರೆ ಧರ್ಮದ ನೆರೆಯವರೂ ಕಷ್ಟದಲ್ಲಿ ನಮ್ಮ ಬಾಗಿಲು ತಟ್ಟಬಹುದೆಂಬ ಭರವಸೆ ಕೊಡುವುದು, ಇವನ್ನೆಲ್ಲ ಮಕ್ಕಳು ಮನೆಯಲ್ಲಿ ನಮ್ಮನ್ನು ನೋಡಿಯೇ ಕಲಿಯಬೇಕು. ತಂದೆತಾಯಿಯನ್ನು ಕೇಳಲು ಹೋದ ರೆಫಿಕ್‌ಗೆ ಅವರ ಉತ್ತರ ಏನಿರುತ್ತದೆಂಬ ನಂಬಿಕೆ ಇತ್ತು. ನಮ್ಮ ಮಕ್ಕಳಿಗೂ ನಮ್ಮ ಮೇಲೆ ಅಂಥ ನಂಬಿಕೆ ಇರುವಂತೆ ಬದುಕುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ನೀಡಲಿ. ಆಮೀನ್.