ಕ್ಷಯದ ಮಾತ್ರೆ ಅರ್ಧಕ್ಕೆ ನಿಲ್ಲುವುದೇಕೆ?

ಸಾಮಾನ್ಯ ಕ್ಷಯರೋಗಕ್ಕೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲಿನ ನಾಲ್ಕು ತಿಂಗಳು ಮೂರು. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತ. ಆದರೂ ನಡುವೆ ಬಿಟ್ಟುಬಿಡುವವರಿದ್ದಾರೆ. ಬಿಟ್ಟರೆ ರೋಗ ಮರುಕಳಿಸಬಹುದು, ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು. ಹೀಗೆ ನಡುವೆ ಬಿಡುವುದು ಬಡವರ, ಓದದವರ ದೋಷವೆಂದು ತಿಳಿಯುವುದು ತಪ್ಪು. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗಳಲ್ಲಿ ವೈದ್ಯರು ಹೇಳಿದಂತೆ ನಡೆಯುವವರು ಸರಾಸರಿ ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳುತ್ತದೆ.

ತುಮಕೂರಿನಲ್ಲಿ ಕಂಡದ್ದು

ಹಳ್ಳಿಯ ಜನರಿಗೆ ಕಾಯಿಲೆಯ ಅರಿವೇ ಇಲ್ಲ ಎಂಬ ಮಾತು ಹಿಂದಿನಿಂದಲೂ ಇದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ಮಾತನಾಡಿಸಿ, 1963ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಬಹುತೇಕರಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲವೆಂದು ಗೊತ್ತಿತ್ತು. ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅಲ್ಲಿ ಸಾಮಾನ್ಯವಾಗಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ! ರೋಗಿಯನ್ನು ದೂರುವ ಮೊದಲು ಈ ಬಾಟಲಿಯನ್ನು ನೆನೆಯಬೇಕು.

ಬಿಡುವ ಕಾರಣಗಳು

ದೊಡ್ಡ ಕಾರಣ ಗುಣವೇ. ಕೆಲವು ವಾರಗಳಲ್ಲಿ ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ, ತೂಕ ಏರುತ್ತದೆ. ವಾಸಿಯಾಯಿತೆಂದು ಅನ್ನಿಸುವುದು ಸಹಜ. ಒಳಗೆ ಉಳಿದ ರೋಗಾಣು ಕಣ್ಣಿಗೆ ಕಾಣುವುದಿಲ್ಲವಲ್ಲ. ಇನ್ನು ಕೆಲವರಿಗೆ ಮೊದಲ ದಿನಗಳಲ್ಲೇ ಹೊಟ್ಟೆ ತೊಳಸುತ್ತದೆ, ಕೀಲು ನೋಯುತ್ತದೆ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದರಿಂದ ಅಪಾಯವೇನಿಲ್ಲ. ಆದರೆ ಮೊದಲೇ ಹೇಳದಿದ್ದರೆ ರಕ್ತವೇ ಹೋಗುತ್ತಿದೆಯೆಂದು ಹೆದರಿ ಮಾತ್ರೆ ಎಸೆಯುತ್ತಾರೆ.

ದಿನಗೂಲಿಯವರಿಗೆ ಆಸ್ಪತ್ರೆಗೆ ಹೋದ ದಿನ ಕೂಲಿಯಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಗಳು ರೋಗ ಗೊತ್ತಾದೀತೆಂಬ ಭಯದಿಂದ ಅತ್ತೆಮನೆಯಲ್ಲಿ ಮಾತ್ರೆಯನ್ನು ಬಚ್ಚಿಡಬೇಕಾಗುತ್ತದೆ.

ನೆರವು ಹೇಗೆ?

ಕೇಳುವ ರೀತಿಯಿಂದಲೇ ನೆರವು ಶುರುವಾಗಬೇಕು. ‘ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಹೋದ ವಾರ ಎಷ್ಟು ದಿನ ತಪ್ಪಿತು? ಏನು ತೊಂದರೆಯಾಯಿತು?’ ಎಂದು ಸಮಾಧಾನದಿಂದ ಕೇಳಿದರೆ ನಿಜ ಹೊರಬರುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ನೆರೆಹೊರೆಗೆ ಗೊತ್ತಾಗುತ್ತದೆಂಬ ಅಳುಕಿದ್ದರೆ, ಭೇಟಿಯ ಜಾಗವನ್ನು ರೋಗಿಯೇ ಆರಿಸಲಿ.

ಬರಿಹೊಟ್ಟೆಯಲ್ಲಿ ಚಿಕಿತ್ಸೆ ಸಾಗದು. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆ 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಆರಂಭವಾಯಿತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ಬ್ಯಾಂಕ್ ಖಾತೆಯ ತೊಡಕಿನಿಂದ ಹಣ ತಡವಾದರೆ, ಅದನ್ನು ಬಿಡಿಸಿಕೊಡುವುದೂ ಚಿಕಿತ್ಸೆಯೇ. ಗುಳೆ ಹೊರಟವರು ಮೊದಲೇ ತಿಳಿಸಿದರೆ ಹೋದ ಊರಿನ ಸರ್ಕಾರಿ ಕೇಂದ್ರಕ್ಕೆ ಅವರ ದಾಖಲೆ ವರ್ಗಾಯಿಸಬಹುದು, ದಾರಿಗೆ ಬೇಕಾದಷ್ಟು ಮಾತ್ರೆ ಕಟ್ಟಿಕೊಡಬಹುದು.