ಚೆಂಡಿನ ಮನೆ

ಪುಣೆಯಿಂದ ನಾಸಿಕದ ದಾರಿ ಹಿಡಿದರೆ ಸಿಗುವ ಚಾಕಣ ಇವತ್ತು ಕಾರು, ಬೈಕುಗಳ ಕಾರ್ಖಾನೆಗಳ ಊರು. ಆ 'ಕಾರ್ಖಾನೆ' ಎಂಬ ಪದವೇ ಪಾರಸಿಯದು: ಕಾರ್ ಎಂದರೆ ಕೆಲಸ, ಖಾನಾ ಎಂದರೆ ಮನೆ. ಹದಿನೇಳನೆಯ ಶತಮಾನದಲ್ಲಿ ಕೆಲಕಾಲ ಚಾಕಣವೂ ಧಾರವಾಡವೂ ವಿಜಾಪುರದ ಆದಿಲಶಾಹಿಗೇ ಸೇರಿದ್ದವು. ದರ್ಬಾರಿನ ಪಾರಸಿ ಕನ್ನಡಕ್ಕೂ ಮರಾಠಿಗೂ ಇಂಥ ಪದಗಳನ್ನು ಧಾರಾಳವಾಗಿ ಕೊಟ್ಟಿತು. ದವಾಖಾನೆ, ಬಂದೀಖಾನೆ, ಛಾಪಖಾನೆ ಎಲ್ಲವೂ ಅದೇ ಸಾಲಿನವು.

ಕೆಲಸಕ್ಕೊಂದು ಮನೆಯಿದ್ದಂತೆ ಆಟಕ್ಕೂ ಒಂದು ಮನೆ ಬಂತು. ಅದೇ ಜಿಮಖಾನಾ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಹೊರತಂದ 'ಹಾಬ್ಸನ್-ಜಾಬ್ಸನ್' ನಿಘಂಟು ಇದನ್ನು ಕಟ್ಟಿದ ಪದವೆಂದೇ ಕರೆಯುತ್ತದೆ. ಇಂಗ್ಲಿಷರ ರಾಕೆಟ್ ಆಟದ ಅಂಗಳಕ್ಕೆ ಹಿಂದುಸ್ತಾನಿಯಲ್ಲಿ 'ಗೇಂದ್‌ಖಾನಾ', ಅಂದರೆ ಚೆಂಡಿನ ಮನೆ, ಎಂಬ ಹೆಸರಿತ್ತು. ಅದರ ಮೊದಲ ಭಾಗಕ್ಕೆ ಜಿಮ್ನಾಸ್ಟಿಕ್ಸ್‌ನ 'ಜಿಮ್' ಅಂಟಿಕೊಂಡಿರಬೇಕು ಎಂಬುದು ಅವರ ಊಹೆ. ಅವರಿಗೆ ಸಿಕ್ಕ ಮೊದಲ ಬಳಕೆ 1861ರ ರೂರ್ಕಿಯದು. ಇಂಗ್ಲೆಂಡಿನಲ್ಲಿ ಈಗ ಈ ಪದ ಹೆಚ್ಚಾಗಿ ಮಕ್ಕಳ ಕುದುರೆ ಸವಾರಿಯ ಸ್ಪರ್ಧೆಗೆ ಬಳಕೆಯಾಗುತ್ತದೆ.

ಮನೆ ಎಂದಮೇಲೆ ಬಾಗಿಲೂ ಇರುತ್ತದೆ. 1875ರ ಬಾಂಬೆ ಜಿಮಖಾನಾದ ಬಾಗಿಲು ಯುರೋಪಿಯನ್ನರಿಗೆ ಮಾತ್ರ ತೆರೆದಿತ್ತು. ಆಮೇಲೆ ಪಾರ್ಸಿ, ಹಿಂದೂ, ಇಸ್ಲಾಂ ಜಿಮಖಾನಾಗಳು ಹುಟ್ಟಿದವು. ಆಟದ ಮನೆಯೊಳಗೆ ಗೋಡೆಗಳೆದ್ದವು.

ಆ ಗೋಡೆಗಳನ್ನು ಮೈಯಲ್ಲೇ ಅನುಭವಿಸಿದವರು ಪಾಲವಣಕರ್ ಬಾಳೂ. ಧಾರವಾಡದಲ್ಲಿ ಹುಟ್ಟಿದ, ದಲಿತ ಕುಟುಂಬದ ಈ ಎಡಗೈ ಸ್ಪಿನ್ನರ್ ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನ ಪಿಚ್ ನೋಡಿಕೊಳ್ಳುತ್ತ, ನೆಟ್ಸ್‌ನಲ್ಲಿ ದೊರೆಗಳಿಗೆ ಚೆಂಡೆಸೆಯುತ್ತ ಬೌಲಿಂಗ್ ಕಲಿತರು. ಊರಿನ ಹಿಂದೂ ತಂಡಕ್ಕೆ ಅವರ ವಿಕೆಟ್‌ಗಳು ಬೇಕಾದವು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರೂ ಮುಂಬಯಿ ಪಂದ್ಯಾವಳಿಯಲ್ಲಿ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. 1923ರಲ್ಲಿ ಅದು ಅವರ ತಮ್ಮ ವಿಠ್ಠಲನಿಗೆ ಸಿಕ್ಕಿತು.

ಪುಣೆಯಲ್ಲಿ 1906ರಲ್ಲಿ ಶುರುವಾದ ಡೆಕ್ಕನ್ ಜಿಮಖಾನಾ ಈಗ ಒಂದು ಬಡಾವಣೆಯ ಹೆಸರೂ ಹೌದು. ಬಾಳೂ ಹುಟ್ಟಿದ ಧಾರವಾಡದ ಸೀಮೆಯಲ್ಲಂತೂ ಪದದ ಅರ್ಥವೇ ಹಿಗ್ಗಿದೆ. ಅಲ್ಲಿನ ಕಾಲೇಜುಗಳಲ್ಲಿ 'ಜಿಮಖಾನಾ' ಎಂದರೆ ಆಟೋಟ, ನಾಟಕ, ಭಾಷಣ ಸ್ಪರ್ಧೆಗಳನ್ನೆಲ್ಲ ನೋಡಿಕೊಳ್ಳುವ ವಿದ್ಯಾರ್ಥಿ ಮಂಡಳಿ. ಸದಸ್ಯತ್ವದ ಚೀಟಿ ಕೇಳುತ್ತಿದ್ದ ಪದ, ಪಟ್ಟಿಯಲ್ಲಿ ಹೆಸರಿರುವ ಪ್ರತಿ ವಿದ್ಯಾರ್ಥಿಯದೂ ಆಗಿದೆ. ಬಾಳೂ ಹೊರಗೆ ನಿಂತಿದ್ದ ಬಾಗಿಲನ್ನು ಅವರ ಹುಟ್ಟೂರಿನ ಕನ್ನಡ ಅಷ್ಟರಮಟ್ಟಿಗಾದರೂ ತೆರೆದಿಟ್ಟಿದೆ.