ಕಂಪ್ಯೂಟರಿನ ಬೂಟ್ ಮತ್ತು ಸ್ಟಾರ್ಟಪ್ ನಿರ್ವಹಣೆ

ಪವರ್ ಗುಂಡಿ ಒತ್ತಿದ ಕ್ಷಣದಿಂದ ಡೆಸ್ಕ್‌ಟಾಪ್ ಕೈಗೆ ಸಿಗುವವರೆಗೆ ಕಂಪ್ಯೂಟರಿನೊಳಗೆ ಏನೇನು, ಯಾವ ಕ್ರಮದಲ್ಲಿ ನಡೆಯಬೇಕೆಂದು ಗೊತ್ತುಮಾಡುವ ಸೆಟ್ಟಿಂಗ್‌ಗಳನ್ನು ನೋಡುವ, ಬದಲಿಸುವ ಮತ್ತು ಕೆಟ್ಟಾಗ ಸರಿಪಡಿಸುವ ಕೆಲಸ. ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲಿ ಇದಕ್ಕೆ ಬೇಕಾದ ಸಾಧನಗಳೆಲ್ಲ ವ್ಯವಸ್ಥೆಯ ಜೊತೆಗೇ ಬರುತ್ತವೆ. ಎಂಎಸ್‌ಕಾನ್ಫಿಗ್ ಎಂದೇ ಹೆಸರಾದ ಸಿಸ್ಟಂ ಕಾನ್ಫಿಗರೇಶನ್, ಟಾಸ್ಕ್ ಮ್ಯಾನೇಜರ್, ಬಿಸಿಡಿಎಡಿಟ್ ಮತ್ತು ವಿಂಡೋಸ್ ರಿಕವರಿ ಎನ್ವಿರಾನ್‌ಮೆಂಟ್ ಅವುಗಳಲ್ಲಿ ಮುಖ್ಯವಾದವು.

ಬಳಕೆಯ ಮಾತಿನಲ್ಲಿ ಎಲ್ಲವನ್ನೂ ‘ಬೂಟ್ ಆಗುವುದು’ ಎನ್ನುತ್ತೇವಾದರೂ ಇದರಲ್ಲಿ ಎರಡು ಘಟ್ಟಗಳಿವೆ. ಫರ್ಮ್‌ವೇರ್ ಎಚ್ಚೆತ್ತು ವಿಂಡೋಸ್‌ನ ತಿರುಳಾದ ಕರ್ನಲ್ ಮೆಮೊರಿಗೆ ಬರುವವರೆಗಿನದು ಬೂಟ್. ಬಳಕೆದಾರ ಲಾಗಿನ್ ಆದಮೇಲೆ ಯಾರೂ ಕರೆಯದೆ ತಾವಾಗಿ ತೆರೆದುಕೊಳ್ಳುವ ತಂತ್ರಾಂಶಗಳ ಸಾಲು ಸ್ಟಾರ್ಟಪ್. ‘ಕಂಪ್ಯೂಟರ್ ಸ್ಲೋ ಆಗಿದೆ’ ಎಂಬ ದೂರಿನ ಬೇರು ಬಹುತೇಕ ಎರಡನೆಯದರಲ್ಲಿರುತ್ತದೆ. ಜನ ಕೈಹಾಕುವುದು ಮಾತ್ರ ಮೊದಲನೆಯದಕ್ಕೆ.

ಗುಂಡಿ ಒತ್ತಿದ ಮೇಲೆ

‘ಬೂಟ್’ ಎಂಬುದು ‘ಬೂಟ್‌ಸ್ಟ್ರ್ಯಾಪ್’ನ ಮೊಟಕು ರೂಪ. ಬೂಟಿನ ಹಿಂಬದಿಯ ಪಟ್ಟಿ ಹಿಡಿದೆಳೆದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸಕ್ಕೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ ಮಾತು ಅದು. ಕಂಪ್ಯೂಟರಿನ ಇಕ್ಕಟ್ಟೂ ಅಂಥದ್ದೇ. ಡಿಸ್ಕಿನಲ್ಲಿರುವ ಪ್ರೋಗ್ರಾಂ ಓದಲು ಒಂದು ಪ್ರೋಗ್ರಾಂ ಬೇಕು. ಅದೂ ಡಿಸ್ಕಿನಲ್ಲೇ ಇದ್ದರೆ ಓದುವವರು ಯಾರು? ಹಾಗಾಗಿ ಮೊದಲ ಹೆಜ್ಜೆಯ ಸೂಚನೆಗಳನ್ನು ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲೇ ಬರೆದಿಡುತ್ತಾರೆ. ಫರ್ಮ್‌ವೇರ್ ಎಂದರೆ ಇದೇ.

1981ರ ಐಬಿಎಂ ಪಿಸಿಯಿಂದ ಹಿಡಿದು ಸುಮಾರು ಮೂರು ದಶಕ ಈ ಕೆಲಸ ಮಾಡಿದ್ದು ಬಯಾಸ್. ಅದು ಮೆಮೊರಿ, ಕೀಬೋರ್ಡುಗಳ ತಪಾಸಣೆ ಮುಗಿಸಿ ಹಾರ್ಡ್ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತಿತ್ತು. ಮಾಸ್ಟರ್ ಬೂಟ್ ರೆಕಾರ್ಡ್ ಎಂಬ ಆ ತುಣುಕಿನಲ್ಲಿ 64 ಬೈಟ್ ಡಿಸ್ಕಿನ ವಿಭಾಗಗಳ ಪಟ್ಟಿಗೆ ಹೋದರೆ, ಕೊನೆಯ 2 ಬೈಟ್ ಗುರುತಿಗೆ ಮೀಸಲು. ಉಳಿದ 446 ಬೈಟ್‌ನಲ್ಲೇ ಮುಂದಿನ ದಾರಿ ತೋರಿಸುವ ಪ್ರೋಗ್ರಾಂ ಅಡಗಬೇಕು. ನಾಲ್ಕಕ್ಕಿಂತ ಹೆಚ್ಚು ಮುಖ್ಯ ವಿಭಾಗ ಮಾಡಲಾಗದ್ದು, 2 ಟೆರಾಬೈಟ್ ಮೀರಿದ ಡಿಸ್ಕನ್ನು ಪೂರ್ತಿ ಬಳಸಲಾಗದ್ದು ಈ ಇಕ್ಕಟ್ಟಿನ ಫಲ.

ಇಂಟೆಲ್ ತನ್ನ ಇಟೇನಿಯಂ ಪ್ರೊಸೆಸರಿಗಾಗಿ ರೂಪಿಸಿದ ಇಎಫ್ಐ ಇದಕ್ಕೆ ಪರಿಹಾರವಾಯಿತು. 2005ರಲ್ಲಿ ಹಲವು ಕಂಪನಿಗಳು ಸೇರಿ ವೇದಿಕೆ ಕಟ್ಟಿದ ಮೇಲೆ ಅದು ಯುಇಎಫ್ಐ ಆಯಿತು. ಡಿಸ್ಕಿನ ಒಂದು ಪುಟ್ಟ ವಿಭಾಗದಿಂದ ಬೂಟ್ ಫೈಲನ್ನು ಯುಇಎಫ್ಐ ಹೆಸರು ಹಿಡಿದು ಓದಬಲ್ಲದು. ಯಾವುದರಿಂದ ಮೊದಲು ಬೂಟ್ ಆಗಬೇಕೆಂಬ ಕ್ರಮವನ್ನು ಮದರ್‌ಬೋರ್ಡಿನ ಅಳಿಯದ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ವಿಂಡೋಸ್ 8ರ ಕಾಲಕ್ಕೆ, ಅಂದರೆ 2012ರಲ್ಲಿ, ಸೆಕ್ಯೂರ್ ಬೂಟ್ ಸೇರಿಕೊಂಡಿತು. ಡಿಜಿಟಲ್ ಸಹಿ ಇಲ್ಲದ ಬೂಟ್ ಫೈಲನ್ನು ಅದು ಬಾಗಿಲಲ್ಲೇ ತಡೆಯುತ್ತದೆ. ಈ ಸಹಿಗಳಿಗೆ ಆಧಾರವಾದ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುವ ಕಾರಣ, 2023ರ ಹೊಸ ಪ್ರಮಾಣಪತ್ರಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವ ಏರ್ಪಾಡಾಗಿದೆ.

ಫರ್ಮ್‌ವೇರಿನಿಂದ ಅಧಿಕಾರ ವಿಂಡೋಸ್ ಬೂಟ್ ಮ್ಯಾನೇಜರಿಗೆ, ಅಲ್ಲಿಂದ ಕರ್ನಲನ್ನು ಮೆಮೊರಿಗೆ ತರುವ ವಿನ್‌ಲೋಡ್‌ಗೆ, ಅಲ್ಲಿಂದ ಕರ್ನಲ್‌ಗೆ ದಾಟುತ್ತದೆ. ಆಮೇಲೆ ಹಿನ್ನೆಲೆಯಲ್ಲಿ ಓಡುವ ಸೇವೆಗಳು ಶುರುವಾಗಿ ಲಾಗಿನ್ ಪರದೆ ಮೂಡುತ್ತದೆ. ಹಳೆಯ ಯಂತ್ರಗಳಲ್ಲಿ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ಫರ್ಮ್‌ವೇರ್ ಸೆಟ್ಟಿಂಗ್ಸ್‌ಗೆ ಹೋಗುವುದು ಸುಲಭವಿತ್ತು. ಎಸ್‌ಎಸ್‌ಡಿ ಇರುವ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬೆರಳು ಕೀಲಿ ಮುಟ್ಟುವಷ್ಟರಲ್ಲಿ ಆ ಗಳಿಗೆ ಕಳೆದಿರುತ್ತದೆ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್ ಮೆನುವಿನಿಂದ ಅಲ್ಲಿಗೆ ಹೋಗುವುದೇ ಲೇಸು.

ಶಟ್‌ಡೌನ್ ಎಂಬ ಅರೆನಿದ್ದೆ

ವಿಂಡೋಸ್ 8ರಲ್ಲಿ ಬಂದ ಫಾಸ್ಟ್ ಸ್ಟಾರ್ಟಪ್ ಸೌಲಭ್ಯದ ಬಗ್ಗೆ ತಿಳಿದವರು ಕಡಿಮೆ. ಅದು ಚಾಲೂ ಇದ್ದಾಗ ‘ಶಟ್‌ಡೌನ್’ ಒತ್ತಿದರೆ ಬಳಕೆದಾರನ ತಂತ್ರಾಂಶಗಳು ಮುಚ್ಚುತ್ತವೆ, ಆದರೆ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಹೈಬರ್‌ಫಿಲ್ ಎಂಬ ಫೈಲಿಗೆ ಇಳಿದು ಕೂರುತ್ತದೆ. ಮರುದಿನ ಅದನ್ನೇ ಎತ್ತಿ ಮೆಮೊರಿಗೆ ಹಾಕುವುದರಿಂದ ಯಂತ್ರ ಬೇಗ ಏಳುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲವೂ ಮೊದಲಿನಿಂದ ನಡೆಯುತ್ತದೆ. ‘ಆಫ್ ಮಾಡಿ ಆನ್ ಮಾಡಿದೆ, ಆದರೂ ಪ್ರಿಂಟರ್ ಸರಿಹೋಗಲಿಲ್ಲ’ ಎನ್ನುವವರಿಗೆ ರಿಪೇರಿಯವರು ‘ಒಂದು ಸಲ ರೀಸ್ಟಾರ್ಟ್ ಕೊಡಿ’ ಎನ್ನುವುದು ಸುಮ್ಮನೆ ಅಲ್ಲ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ‘ಅಪ್ ಟೈಮ್’ ನೋಡಿದರೆ, ದಿನಾ ರಾತ್ರಿ ಆಫ್ ಮಾಡುವ ಯಂತ್ರವೂ ಎಷ್ಟೋ ದಿನಗಳಿಂದ ಎದ್ದೇ ಇರುವಂತೆ ಲೆಕ್ಕ ತೋರಿಸುತ್ತಿರುತ್ತದೆ.

ಎಂಎಸ್‌ಕಾನ್ಫಿಗ್

ಡಾಸ್ ಕಾಲದಲ್ಲಿ ಆರಂಭದ ಸೂಚನೆಗಳೆಲ್ಲ ಕಾನ್ಫಿಗ್.ಸಿಸ್, ಆಟೋಎಕ್ಸೆಕ್.ಬ್ಯಾಟ್ ಎಂಬ ಸಾದಾ ಪಠ್ಯ ಫೈಲುಗಳಲ್ಲಿ ಇರುತ್ತಿದ್ದವು. ಒಂದು ಸಾಲು ತಪ್ಪಿದರೂ ಯಂತ್ರ ಮುಷ್ಕರ ಹೂಡುತ್ತಿತ್ತು. ಇವನ್ನು ಕೈಯಿಂದ ತಿದ್ದುವ ಗೋಜು ತಪ್ಪಿಸಲು ವಿಂಡೋಸ್ 98ರಲ್ಲಿ ಎಂಎಸ್‌ಕಾನ್ಫಿಗ್ ಬಂತು. ವಿಂಡೋಸ್ 2000ದಲ್ಲಿ ಅದು ಇರಲಿಲ್ಲ, ಎಕ್ಸ್‌ಪಿಯಲ್ಲಿ ಮರಳಿತು. ವಿಂಡೋಸ್ ಮತ್ತು ಆರ್ ಕೀಲಿ ಒಟ್ಟಿಗೆ ಒತ್ತಿ ಹೆಸರು ಬರೆದರೆ ಇಂದಿಗೂ ತೆರೆಯುತ್ತದೆ.

ಇದು ದೋಷ ಹುಡುಕುವ ಸಾಧನವೇ ಹೊರತು ನಿತ್ಯದ ಸೆಟ್ಟಿಂಗ್ಸ್ ಪುಟವಲ್ಲ. ಡಾಕ್ಟರು ಪರೀಕ್ಷೆಗೆಂದು ಒಂದೆರಡು ದಿನ ಔಷಧಿ ನಿಲ್ಲಿಸಿದಂತೆ ಇಲ್ಲಿನ ಬದಲಾವಣೆಗಳು. ಕಾರಣ ಸಿಕ್ಕಮೇಲೆ ‘ನಾರ್ಮಲ್ ಸ್ಟಾರ್ಟಪ್’ಗೆ ಹಿಂತಿರುಗಬೇಕು. ಎಂಎಸ್‌ಕಾನ್ಫಿಗ್‌ನಿಂದಾಗುವ ತೊಂದರೆಗಳ ಬಹುಪಾಲು ಹಾಗೆ ಹಿಂತಿರುಗಲು ಮರೆತವರದ್ದು.

ಇದರ ಅತ್ಯುತ್ತಮ ಉಪಯೋಗ ಕ್ಲೀನ್ ಬೂಟ್. ಸರ್ವಿಸಸ್ ಪುಟದಲ್ಲಿ ಮೊದಲು ಮೈಕ್ರೋಸಾಫ್ಟ್ ಸೇವೆಗಳನ್ನು ಮರೆಮಾಡುವ ಆಯ್ಕೆಗೆ ಟಿಕ್ ಹಾಕಿ, ಉಳಿದವನ್ನೆಲ್ಲ ನಿಲ್ಲಿಸಿ ರೀಸ್ಟಾರ್ಟ್ ಮಾಡಬೇಕು. ತೊಂದರೆ ಮಾಯವಾದರೆ ಕಳ್ಳ ಆ ಗುಂಪಿನಲ್ಲೇ ಇದ್ದಾನೆ. ಆಗ ಅರ್ಧವನ್ನು ಮತ್ತೆ ಚಾಲೂ ಮಾಡಿ ನೋಡುವುದು, ತಪ್ಪು ಇರುವ ಅರ್ಧದಲ್ಲಿ ಮತ್ತೆ ಅರ್ಧ. ತಪ್ಪು ಒಂದೇ ಸೇವೆಯದಾಗಿದ್ದರೆ 16 ಸೇವೆಗಳ ಪಟ್ಟಿಯಲ್ಲಿ ಅದನ್ನು ಹಿಡಿಯಲು ನಾಲ್ಕೇ ರೀಸ್ಟಾರ್ಟ್ ಸಾಕು. ಟಿಕ್ ಹಾಕುವ ಆ ಮೊದಲ ಹೆಜ್ಜೆ ಬಿಟ್ಟು ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಿದರೆ ನೆಟ್‌ವರ್ಕ್, ಧ್ವನಿ, ಕೆಲವೊಮ್ಮೆ ಲಾಗಿನ್ ಕೂಡ ಕೈಕೊಡುತ್ತದೆ.

ಬೂಟ್ ಪುಟದ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಪ್ರೊಸೆಸರ್‌ಗಳ ಸಂಖ್ಯೆ ಆರಿಸುವ ಜಾಗವಿದೆ. ಅಲ್ಲಿ ಅತಿ ದೊಡ್ಡ ಅಂಕಿ ಹಾಕಿದರೆ ಕಂಪ್ಯೂಟರ್ ಓಡುತ್ತದೆಂದು ಹೇಳುವ ವಿಡಿಯೊಗಳಿಗೆ ಲೆಕ್ಕವಿಲ್ಲ. ಇದು ಶುದ್ಧ ಸುಳ್ಳು. ಟಿಕ್ ಹಾಕದಿದ್ದಾಗ ವಿಂಡೋಸ್ ಇರುವ ಕೋರುಗಳನ್ನೆಲ್ಲ ಬಳಸಿಯೇ ಬಳಸುತ್ತದೆ. ಆ ಅಂಕಿ ಇರುವುದು ಮಿತಿ ಹೇರಲು, ತಂತ್ರಾಂಶ ಬರೆಯುವವರು ಕಡಿಮೆ ಶಕ್ತಿಯ ಯಂತ್ರದಲ್ಲಿ ತಮ್ಮ ಕೆಲಸ ಹೇಗೆ ನಡೆಯುತ್ತದೆಂದು ಪರೀಕ್ಷಿಸಲು. ಪಕ್ಕದ ‘ಮ್ಯಾಕ್ಸಿಮಮ್ ಮೆಮೊರಿ’ಯೂ ಅಷ್ಟೇ; ಅಲ್ಲಿ ತೀರಾ ಚಿಕ್ಕ ಅಂಕಿ ಹಾಕಿದರೆ ವಿಂಡೋಸ್ ಏಳುವುದೇ ಇಲ್ಲ.

ಸ್ಟಾರ್ಟಪ್ ಪಟ್ಟಿ

ತಾವಾಗಿ ತೆರೆಯುವ ತಂತ್ರಾಂಶಗಳ ಪಟ್ಟಿಯನ್ನು ವಿಂಡೋಸ್ 8ರಿಂದ ಟಾಸ್ಕ್ ಮ್ಯಾನೇಜರಿಗೆ ಸಾಗಿಸಲಾಗಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಅದು ಸಿಗುತ್ತದೆ. ಪಟ್ಟಿಯ ಹೆಸರುಗಳು ಬರುವುದು ಮುಖ್ಯವಾಗಿ ಸ್ಟಾರ್ಟಪ್ ಫೋಲ್ಡರಿನಿಂದ ಹಾಗೂ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯ ‘ರನ್’ ಕೀಲಿಗಳಿಂದ. ಇವೆರಡೂ ಒಬ್ಬ ಬಳಕೆದಾರನಿಗೆ ಬೇರೆ, ಯಂತ್ರದ ಎಲ್ಲರಿಗೆ ಬೇರೆ ಇರುತ್ತವೆ.

ಹೆಸರುಗಳ ಎದುರಿಗಿರುವ ‘ಸ್ಟಾರ್ಟಪ್ ಇಂಪ್ಯಾಕ್ಟ್’ ಊಹೆಯ ಮಾತಲ್ಲ, ಅಳತೆ ಮಾಡಿ ಹೇಳಿದ್ದು. ಆರಂಭದ ಹೊತ್ತಿನಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ಪ್ರೊಸೆಸರ್ ಸಮಯವನ್ನೋ 3 ಮೆಗಾಬೈಟ್‌ಗಿಂತ ಹೆಚ್ಚು ಡಿಸ್ಕ್ ಓದು-ಬರಹವನ್ನೋ ನುಂಗಿದ್ದಕ್ಕೆ ‘ಹೈ’. 300 ಮಿಲಿಸೆಕೆಂಡ್ ಮತ್ತು 300 ಕಿಲೋಬೈಟ್ ಎರಡರ ಒಳಗೂ ಮುಗಿಸಿದ್ದಕ್ಕೆ ‘ಲೋ’. ನಡುವಿನದು ‘ಮೀಡಿಯಂ’. ಇಲ್ಲಿ ‘ಡಿಸೇಬಲ್’ ಮಾಡಿದರೆ ತಂತ್ರಾಂಶ ಅಳಿಯುವುದಿಲ್ಲ, ತಾನಾಗಿ ಏಳುವುದಷ್ಟೇ ನಿಲ್ಲುತ್ತದೆ. ಬೇಕೆಂದಾಗ ಕ್ಲಿಕ್ ಮಾಡಿದರೆ ತೆರೆಯುತ್ತದೆ. ಚಾಟ್, ಆಟದ ಅಂಗಡಿ, ಸಂಗೀತದ ಆ್ಯಪ್‌ಗಳನ್ನು ಧಾರಾಳವಾಗಿ ನಿಲ್ಲಿಸಬಹುದು. ಆ್ಯಂಟಿವೈರಸ್ ಹಾಗೂ ಟಚ್‌ಪ್ಯಾಡ್‌ನವನ್ನು ಮುಟ್ಟದಿರುವುದು ಕ್ಷೇಮ.

ಕನ್ನಡದಲ್ಲಿ ಟೈಪ್ ಮಾಡುವವರು ಇನ್ನೊಂದು ಹೆಸರನ್ನು ಗಮನಿಸಬೇಕು. ನುಡಿ, ಬರಹದಂಥ ಕೀಲಿಮಣೆ ತಂತ್ರಾಂಶ ಅಕ್ಷರ ಮೂಡಿಸಬೇಕಾದರೆ ಅದು ಹಿನ್ನೆಲೆಯಲ್ಲಿ ಓಡುತ್ತಿರಬೇಕು. ಅದನ್ನು ಸ್ಟಾರ್ಟಪ್ ಪಟ್ಟಿಗೆ ಸೇರಿಸಿಕೊಂಡಿದ್ದವರು ಪಟ್ಟಿ ಶುಚಿ ಮಾಡುವ ಉತ್ಸಾಹದಲ್ಲಿ ನಿಲ್ಲಿಸಿಬಿಟ್ಟರೆ, ಮರುದಿನ ಕನ್ನಡವೇ ಬರುವುದಿಲ್ಲ. ವಿಂಡೋಸ್‌ನದೇ ಕನ್ನಡ ಕೀಲಿಮಣೆ ವ್ಯವಸ್ಥೆಯ ಅಂಗವಾದ್ದರಿಂದ ಅದಕ್ಕೆ ಈ ತಾಪತ್ರಯವಿಲ್ಲ.

ಬಿಸಿಡಿಎಡಿಟ್

ಎಕ್ಸ್‌ಪಿವರೆಗೆ ಬೂಟ್ ಮೆನುವಿನ ವಿವರಗಳು ಬೂಟ್.ಐಎನ್ಐ ಎಂಬ ಪಠ್ಯ ಫೈಲಿನಲ್ಲಿದ್ದು ನೋಟ್‌ಪ್ಯಾಡಿನಲ್ಲೇ ತಿದ್ದಬಹುದಿತ್ತು. ವಿಸ್ತಾದಲ್ಲಿ ಅದನ್ನು ತೆಗೆದು ರಿಜಿಸ್ಟ್ರಿಯ ಮಾದರಿಯ ಬೂಟ್ ಕಾನ್ಫಿಗರೇಶನ್ ಡೇಟಾ ತರಲಾಯಿತು. ಅದನ್ನು ತೆರೆಯುವ ಕೀಲಿಕೈ ಬಿಸಿಡಿಎಡಿಟ್. ಆಡಳಿತಾಧಿಕಾರವಿರುವ ಕಮಾಂಡ್ ಪ್ರಾಂಪ್ಟಿನಲ್ಲಿ ಬರಿಯ ಹೆಸರು ಬರೆದರೆ ಈಗಿನ ನಮೂದುಗಳನ್ನು ತೋರಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ಬದಲಿಸುವ ಮುನ್ನ ‘ಎಕ್ಸ್‌ಪೋರ್ಟ್’ ಆಯ್ಕೆಯಿಂದ ಒಂದು ಪ್ರತಿ ತೆಗೆದಿಡಬೇಕು. ಡಿಸ್ಕ್ ಬಿಟ್‌ಲಾಕರ್‌ನಿಂದ ಗೂಢಲಿಪಿಗೊಂಡಿದ್ದರೆ ಬೂಟ್ ಸೆಟ್ಟಿಂಗ್ ಬದಲಾದದ್ದನ್ನು ಕಂಡು ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಎಲ್ಲಿದೆಯೆಂದು ಮೊದಲೇ ಗೊತ್ತಿರಬೇಕು.

ಲಿನಕ್ಸ್‌ನಲ್ಲಿ ಬೂಟ್ ಮತ್ತು ಸ್ಟಾರ್ಟಪ್‌ನ ಕೆಲಸ ಬೂಟ್ ಲೋಡರ್ ಆದ ಗ್ರಬ್ ಹಾಗೂ ಸೇವೆಗಳನ್ನು ನಡೆಸುವ, 2010ರಲ್ಲಿ ಬಂದ ಸಿಸ್ಟಂಡಿ ನಡುವೆ ಹಂಚಿಹೋಗಿದೆ. ಯಾವ ಸೇವೆ ಎಷ್ಟು ಹೊತ್ತು ತಿಂದಿತೆಂದು ‘ಸಿಸ್ಟಂಡಿ-ಅನಲೈಜ್ ಬ್ಲೇಮ್’ ಸಾಲುಸಾಲಾಗಿ ಹೇಳುತ್ತದೆ. ಮ್ಯಾಕ್‌ನಲ್ಲಿ ಬಳಕೆದಾರನಿಗೆ ಮುಖ್ಯವಾಗಿ ಕಾಣುವುದು ‘ಲಾಗಿನ್ ಐಟಂಸ್’ ಪಟ್ಟಿ.

ಸೇಫ್ ಮೋಡ್ ಮತ್ತು ದುರಸ್ತಿ

ಅತ್ಯಗತ್ಯವಾದ ಡ್ರೈವರು, ಸೇವೆಗಳಷ್ಟರಿಂದಲೇ ವಿಂಡೋಸ್ ತೆರೆಯುವ ಸ್ಥಿತಿ ಸೇಫ್ ಮೋಡ್. ಹಿಂದೆ ಎಫ್8 ಒತ್ತಿದರೆ ಬರುತ್ತಿತ್ತು. ವಿಂಡೋಸ್ 8ರಿಂದ ಆ ದಾರಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಮಾಡಿ ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 4 ಒತ್ತಬೇಕು, ನೆಟ್‌ವರ್ಕ್ ಸಮೇತ ಬೇಕಾದರೆ 5. ಎಂಎಸ್‌ಕಾನ್ಫಿಗ್‌ನ ‘ಸೇಫ್ ಬೂಟ್’ಗೆ ಟಿಕ್ ಹಾಕಿಯೂ ಹೋಗಬಹುದು, ಆದರೆ ಅದರಲ್ಲೊಂದು ಬಲೆಯಿದೆ. ಟಿಕ್ ತೆಗೆಯುವವರೆಗೆ ಯಂತ್ರ ಪ್ರತಿ ಸಲವೂ ಸೇಫ್ ಮೋಡಿಗೇ ಹೋಗುತ್ತದೆ, ಅಲ್ಲಿ ಲಾಗಿನ್ ಆಗದಿದ್ದರೆ ಟಿಕ್ ತೆಗೆಯಲೂ ಆಗದು. ಆಗ ರಿಕವರಿ ಎನ್ವಿರಾನ್‌ಮೆಂಟಿನ ಕಮಾಂಡ್ ಪ್ರಾಂಪ್ಟಿನಲ್ಲಿ ಬಿಸಿಡಿಎಡಿಟ್‌ನ ‘ಡಿಲೀಟ್‌ವ್ಯಾಲ್ಯೂ’ ಆಯ್ಕೆಯಿಂದ ಡಿಫಾಲ್ಟ್ ನಮೂದಿನ ‘ಸೇಫ್‌ಬೂಟ್’ ಅನ್ನು ಅಳಿಸಿದರೆ ಬಿಡುಗಡೆ. ಸತತ ಎರಡು ಸಲ ಬೂಟ್ ವಿಫಲವಾದರೆ ಈ ರಿಕವರಿ ಪರದೆ ತಾನಾಗಿಯೇ ತೆರೆಯುತ್ತದೆ.

ಇಂಥ ಮೂಲೆಯ ಸಾಧನಗಳು ಲೋಕದ ಬಾಯಿಗೆ ಬಿದ್ದದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಭಾರತೀಯ ಕಾಲಮಾನ ಬೆಳಿಗ್ಗೆ 9:39ಕ್ಕೆ ಬಂದ ದೋಷಪೂರಿತ ಅಪ್‌ಡೇಟ್ 78 ನಿಮಿಷಗಳಲ್ಲಿ ವಾಪಸಾಯಿತು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ಸಿಲುಕಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಕೆಲವು ವಿಮಾನಯಾನ ಸಂಸ್ಥೆಗಳ ಚೆಕ್-ಇನ್ ಕೈಯಿಂದ ನಡೆಯಿತು. ದೇಶದ ಕೆಲವೆಡೆ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಸಿಕ್ಕಿತು. ಪರಿಹಾರ ತೀರಾ ಸರಳವಿತ್ತು: ಸೇಫ್ ಮೋಡಿಗೆ ಹೋಗಿ ಡ್ರೈವರ್ ಫೋಲ್ಡರಿನ ಒಂದು ಫೈಲ್ ಅಳಿಸುವುದು. ಆದರೆ ಬೂಟ್ ಆಗದ ಯಂತ್ರಕ್ಕೆ ದೂರದಿಂದ ಆಜ್ಞೆ ತಲುಪದು. ಎಷ್ಟೋ ಕಡೆ ಒಬ್ಬೊಬ್ಬರು ಒಂದೊಂದು ಯಂತ್ರದ ಮುಂದೆ ಕೂತು, ಬಿಟ್‌ಲಾಕರ್ ಇದ್ದಲ್ಲಿ ಅದರ 48 ಅಂಕಿಗಳನ್ನೂ ಬೆರಳಚ್ಚಿಸಿ, ಕೈಯಾರೆ ಮಾಡಬೇಕಾಯಿತು.

ಇದಾದ ಮೇಲೆ ಮೈಕ್ರೋಸಾಫ್ಟ್ ‘ಕ್ವಿಕ್ ಮಷೀನ್ ರಿಕವರಿ’ ರೂಪಿಸಿ 2025ರಲ್ಲಿ ವಿಂಡೋಸ್ 11ಕ್ಕೆ ಸೇರಿಸಿತು. ಬೂಟ್ ಮತ್ತೆ ಮತ್ತೆ ವಿಫಲವಾದ ಯಂತ್ರ ರಿಕವರಿ ಪರದೆಯಿಂದಲೇ ಇಂಟರ್‌ನೆಟ್ ಸೇರಿ, ಅದಕ್ಕೆ ತಕ್ಕ ಪರಿಹಾರವಿದ್ದರೆ ಇಳಿಸಿಕೊಳ್ಳುತ್ತದೆ. ಹೋಮ್ ಆವೃತ್ತಿಯಲ್ಲಿ ಇದು ಮೊದಲೇ ಚಾಲೂ ಇರುತ್ತದೆ. ಕಚೇರಿಯ ಯಂತ್ರಗಳಲ್ಲಿ ಬೇಕೋ ಬೇಡವೋ ಎಂಬುದು ಅಲ್ಲಿನ ಐಟಿ ವಿಭಾಗಕ್ಕೆ ಬಿಟ್ಟದ್ದು.